ಇನ್ನೊಬ್ಬರ ಕೋಣೆ ಕೊಟ್ಟು ಕೊಂಡ ಶಾಂತಿ

ನಮ್ಮ ಅಡುಗೆಮನೆಯಲ್ಲಿ ಒಂದು ಸ್ಟೀಲಿನ ಡಬ್ಬಿ ಇದೆ. ಅದರ ಮುಚ್ಚಳ ಅದರದ್ದಲ್ಲ. ಬಹಳ ವರ್ಷಗಳ ಹಿಂದೆ ಹೈದರಾಬಾದಿನ ಬೇಗಂ ಬಜಾರಿನಲ್ಲಿ ಅದನ್ನು ಕೊಂಡಾಗ, ಅಂಗಡಿಯವನು ಅವಸರದಲ್ಲಿ ಬೇರೊಂದು ಡಬ್ಬಿಯ ಮುಚ್ಚಳವನ್ನು ಒತ್ತಿ ಕೂರಿಸಿ, ಹಳೆಯ ಪತ್ರಿಕೆಯಲ್ಲಿ ಸುತ್ತಿ ಕೈಗಿತ್ತದ್ದನ್ನು ನಾನು ಕಣ್ಣಾರೆ ನೋಡಿದ್ದೆ. ನೋಡಿಯೂ ಸುಮ್ಮನಿದ್ದೆ. ಹಿಂದೆ ಗಿರಾಕಿಗಳು ನಿಂತಿದ್ದರು, ಬಿಸಿಲು ಏರುತ್ತಿತ್ತು, ಒಂದು ಮುಚ್ಚಳಕ್ಕಾಗಿ ಮಾತು ಬೆಳೆಸುವುದೇಕೆ ಅನ್ನಿಸಿತು. ಅಂದಿನಿಂದ ನನ್ನ ಹೆಂಡತಿ ಅದರ ಮೇಲೊಂದು ತಟ್ಟೆ ಮುಚ್ಚಿಡುತ್ತಾಳೆ, ನನ್ನನ್ನೇನೂ ಅನ್ನುವುದಿಲ್ಲ. ಅನ್ನಬೇಕಾದ್ದನ್ನೆಲ್ಲ ಆ ತಟ್ಟೆಯೇ ದಿನಾ ಅನ್ನುತ್ತದೆ.

ಓದುಗ ಮಿತ್ರರೇ, ನನ್ನ ಸ್ವಭಾವವನ್ನು ನಿಮಗೆ ಮೊದಲೇ ತಿಳಿಸಿಬಿಡುವುದು ಒಳ್ಳೆಯದೆಂದು ಈ ಡಬ್ಬಿಯ ಕತೆ ಹೇಳಿದೆ. ಜಗಳವೆಂದರೆ ನನಗೆ ಹುಟ್ಟಿನಿಂದಲೇ ಅಂಜಿಕೆ. ನಮ್ಮ ತಂದೆ ಕಲಬುರ್ಗಿ ಕಡೆಯಿಂದ ಹೈದರಾಬಾದಿಗೆ ಬಂದು ಕಂದಾಯ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. 'ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಷ್ಯ' ಎಂಬ ಗಾದೆಯನ್ನು ಮಂತ್ರದಂತೆ ಜಪಿಸುತ್ತ ಮೂರು ಅಧಿಕಾರಿಗಳ ಕಾಲವನ್ನು ಸುರಕ್ಷಿತವಾಗಿ ದಾಟಿದವರು. ಆ ಗಾದೆ ನನ್ನ ರಕ್ತಕ್ಕೂ ಇಳಿದಿತ್ತು. ಇಂಥ ನಾನು ಸುಲ್ತಾನ್ ಬಜಾರಿನ ಹಿಂದಿನ ಗಲ್ಲಿಯೊಂದರ ಕಾಲೇಜಿನಲ್ಲಿ ಮೂವತ್ತು ವರ್ಷ ಇತಿಹಾಸ ಕಲಿಸಿದೆ. ವರ್ಷಕ್ಕೊಮ್ಮೆ, ತಪ್ಪದೆ, ಓಲೈಕೆಯ ನೀತಿಯಿಂದ ಯುರೋಪು ಹೇಗೆ ಹಾಳಾಯಿತೆಂದು ಹುಡುಗರಿಗೆ ದನಿ ಏರಿಸಿ ಬೋಧಿಸಿದೆ.

ಆ ಪಾಠ ನನಗೆ ಬಾಯಿಪಾಠವಾಗಿತ್ತು. ಜರ್ಮನಿಯ ಸರ್ವಾಧಿಕಾರಿ ಮೊದಲು ಒಂದನ್ನು ಕೇಳುತ್ತಾನೆ, ಆಮೇಲೆ ಇನ್ನೊಂದನ್ನು. ಪ್ರತಿ ಸಲವೂ ಇದೇ ಕೊನೆಯದೆಂದು ಮಾತು ಕೊಡುತ್ತಾನೆ. ಕಡೆಗೆ ಚೆಕೊಸ್ಲೊವಾಕಿಯಾದ ಗಡಿಸೀಮೆಯನ್ನು, ಅದರ ಬೆಟ್ಟಗಳನ್ನೂ ಕಾವಲುಕೋಟೆಗಳನ್ನೂ ಸೇರಿಸಿ ಕೇಳುತ್ತಾನೆ. ಮ್ಯೂನಿಕ್ ನಗರದಲ್ಲಿ ನಾಲ್ಕು ದೇಶಗಳ ಮುಖಂಡರು ಸೇರಿ ಅದನ್ನೂ ಕೊಟ್ಟುಬಿಡುತ್ತಾರೆ. ಬ್ರಿಟನ್ನಿನ ಪ್ರಧಾನಿ ಊರಿಗೆ ಮರಳಿದಾಗ ಜನ ಬೀದಿಗಿಳಿದು ಹರ್ಷಿಸುತ್ತಾರೆ. ಆರು ತಿಂಗಳು ಕಳೆಯುವುದರೊಳಗೆ ಉಳಿದ ದೇಶವೂ ಹೋಗುತ್ತದೆ. ವರ್ಷ ತುಂಬುವ ಹೊತ್ತಿಗೆ ಯಾವ ಯುದ್ಧ ತಪ್ಪಲೆಂದು ಇಷ್ಟೆಲ್ಲ ಕೊಟ್ಟರೋ ಆ ಯುದ್ಧವೇ ಬಂದು ಬಾಗಿಲಲ್ಲಿ ನಿಲ್ಲುತ್ತದೆ. 'ತುಷ್ಟಿಗೆಂದು ಕೊಟ್ಟದ್ದು ಪುಷ್ಟಿಯಾಯಿತು' ಎಂದು ನಾನು ಕಡೆಯಲ್ಲಿ ಹೇಳುತ್ತಿದ್ದೆ. ಹುಡುಗರು ಅದನ್ನು ಬರೆದುಕೊಳ್ಳುತ್ತಿದ್ದರು. ಆದರೂ ಬೀದಿಗಿಳಿದು ಹರ್ಷಿಸಿದ ಆ ಜನರನ್ನು ಗೇಲಿ ಮಾಡಲು ನನ್ನಿಂದ ಎಂದೂ ಆಗಲಿಲ್ಲ. ಇಪ್ಪತ್ತು ವರ್ಷದ ಹಿಂದಷ್ಟೇ ಮಕ್ಕಳನ್ನು ಯುದ್ಧಕ್ಕೆ ಕಳಿಸಿ ಕಳೆದುಕೊಂಡಿದ್ದವರು ಅವರು. ಶಾಂತಿ ಎಂಬ ಮಾತು ಕಿವಿಗೆ ಬಿದ್ದರೆ ಅದರ ಬೆಲೆ ಕೇಳುವಷ್ಟು ತ್ರಾಣ ಅವರಲ್ಲಿ ಉಳಿದಿರಲಿಲ್ಲ.

ಹೊಸ ಶತಮಾನ ಹುಟ್ಟುತ್ತಿದ್ದ ಹೊತ್ತು. ಊರಾಚೆ ಬಂಡೆಗಳನ್ನು ಸಿಡಿಸಿ ಗಾಜಿನ ಕಟ್ಟಡಗಳನ್ನು ಎಬ್ಬಿಸುತ್ತಿದ್ದರು. ಅಮೀರ್‌ಪೇಟೆಯಲ್ಲಿ ಗೋಡೆ ಕಾಣದಷ್ಟು ಕಂಪ್ಯೂಟರ್ ಕೋರ್ಸುಗಳ ಬೋರ್ಡುಗಳು. ನಮ್ಮ ಕಾಲೇಜಿಗೂ ಆ ಗಾಳಿ ಬೀಸಿತು. ಆಡಳಿತ ಮಂಡಳಿಯ ಪರವಾಗಿ ಕಾಲೇಜು ನಡೆಸುವವರನ್ನು ಅಲ್ಲಿ ಕರೆಸ್ಪಾಂಡೆಂಟ್ ಎನ್ನುತ್ತಾರೆ. ನಮ್ಮ ಕರೆಸ್ಪಾಂಡೆಂಟರು ದುಷ್ಟರಲ್ಲ, ಮೆದುಮಾತಿನ, ಲೆಕ್ಕ ತಿಳಿದ ಮನುಷ್ಯ. ಅವರು ಮೊದಲು ಕೇಳಿದ್ದು ನಕ್ಷೆಗಳನ್ನಿಡುತ್ತಿದ್ದ ನಮ್ಮ ಸಣ್ಣ ಉಗ್ರಾಣವನ್ನು. ಕೊಟ್ಟೆ. ಮರುವರ್ಷ ಪ್ರಾಧ್ಯಾಪಕರು ಕೂರುತ್ತಿದ್ದ ಮೂಲೆಕೋಣೆ ಕೇಳಿದರು. ಅದನ್ನೂ ಕೊಟ್ಟೆವು; ಕಾರಿಡಾರಿನಲ್ಲಿ ಬೆಂಚು ಹಾಕಿಕೊಂಡು, ಗಾಳಿ ಚೆನ್ನಾಗಿದೆ ಎಂದು ನಾವೇ ಒಬ್ಬರಿಗೊಬ್ಬರು ಹೇಳಿಕೊಂಡೆವು.

ಮೂರನೆಯ ಸಲ ಅವರು ನನ್ನನ್ನೂ ಪ್ರಿನ್ಸಿಪಾಲರನ್ನೂ ಮೊದಲ ಮಹಡಿಯ ತಮ್ಮ ಕಚೇರಿಗೆ ಕರೆದು ಕೂರಿಸಿ ಚಹಾ ತರಿಸಿದರು. ಹೊಸ ಕಂಪ್ಯೂಟರ್ ಪ್ರಯೋಗಾಲಯಕ್ಕೆ ಅದೇ ಮಹಡಿಯಲ್ಲಿ ಒಂದು ತರಗತಿ ಬೇಕು. ಅಲ್ಲಿದ್ದ ತರಗತಿಗಳು ಎರಡೇ: ನನ್ನ ಇತಿಹಾಸದ ದೊಡ್ಡ ಕೋಣೆ, ಪಕ್ಕದಲ್ಲಿ ಕನ್ನಡದ ಕೋಣೆ. ಯಾವುದನ್ನು ತೆಗೆದುಕೊಳ್ಳಲಿ ಎಂದು ವಿನಯದಿಂದಲೇ ಕೇಳಿದರು. ವೇಳಾಪಟ್ಟಿಯ ಹೊಣೆ ನನ್ನದಾಗಿದ್ದರಿಂದ ನನ್ನ ಸಹಿ ಬೇಕಿತ್ತು.

ಕನ್ನಡ ಕಲಿಸುತ್ತಿದ್ದವರು ಶಾಂತಾಬಾಯಿ. ಮಾನ್ವಿಯಿಂದ ಮದುವೆಯಾಗಿ ಬಂದವರು, ಹಿಮಾಯತ್‌ನಗರದಲ್ಲಿ ಮನೆ. ನನಗಿಂತ ಹತ್ತು ವರ್ಷ ಚಿಕ್ಕವರು, ಮಾತು ಕಡಿಮೆ, ಕೆಲಸ ಹೆಚ್ಚು. ಅವರ ತರಗತಿಯಲ್ಲಿ ಹಳೆಯ ನೌಕರಸ್ಥ ಕುಟುಂಬಗಳ ಮಕ್ಕಳು ಕೆಲವರು. ಉಳಿದವರು ಯಾದಗಿರಿ, ಸೇಡಂ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳು, ಕನ್ನಡ ಶಾಲೆಯಲ್ಲಿ ಓದಿ ಮುಂದೆ ಬಂದವರು. ನಾವು ಚಹಾ ಕುಡಿಯುತ್ತಿದ್ದಾಗ ಗೋಡೆಯಾಚೆ ಶಾಂತಾಬಾಯಿಯವರು ಪಾಠ ಮಾಡುತ್ತಿದ್ದ ದನಿ ನನಗೆ ಕೇಳುತ್ತಿತ್ತು. ಬಾಗಿಲು ತೆರೆದು ನಾಲ್ಕು ಹೆಜ್ಜೆ ಹಾಕಿದ್ದರೆ ಸಾಕಿತ್ತು. ನಾನು ಹಾಕಲಿಲ್ಲ. ಕನ್ನಡಕ್ಕೆ ವಿದ್ಯಾರ್ಥಿಗಳು ಕಡಿಮೆ, ಅವರು ಎಲ್ಲಾದರೂ ಹೊಂದಿಕೊಂಡಾರು ಎಂದೆ. ಸಹಿ ಮಾಡಿದೆ. ಇದೇ ಕೊನೆಯದು, ಇನ್ನು ಕೇಳುವುದಿಲ್ಲ ಎಂದು ಕರೆಸ್ಪಾಂಡೆಂಟರು ನನ್ನ ಕೈ ಕುಲುಕಿದರು. ಮೆಟ್ಟಿಲಿಳಿಯುವಾಗ ನನ್ನ ಮನಸ್ಸು ಹಗುರವಾಗಿತ್ತು ಎಂಬುದನ್ನು ಮುಚ್ಚಿಡಲಾರೆ.

ಮರುದಿನ ಸುದ್ದಿಯನ್ನು ನಾನೇ ತಿಳಿಸಿದೆ. ಶಾಂತಾಬಾಯಿ ಸೀಮೆಸುಣ್ಣದ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ನಿಂತೇ ಕೇಳಿಸಿಕೊಂಡರು.

"ಮಾತಾಡುವಾಗ ನೀವು ಅಲ್ಲೇ ಇದ್ದಿರೇನ್ರಿ, ಸರ್?" ಎಂದರು.

ಇದ್ದೆ ಎಂದೆ.

"ನಾ ಬಾಜೂ ಕೋಣ್ಯಾಗ ಇದ್ದೆ. ನನ್ನ ಒಂದು ಮಾತು ಕೇಳಬೇಕು ಅಂತ ಯಾರಿಗೂ ಅನಸಲಿಲ್ಲ?"

ಸಿಟ್ಟಿನ ದನಿಯಲ್ಲ ಅದು. ನಿಜವಾಗಿ ಉತ್ತರ ತಿಳಿಯಬೇಕೆಂದು ಕೇಳಿದ ಪ್ರಶ್ನೆ.

ಅದೇ ವಾರ ಮ್ಯೂನಿಕ್ಕಿನ ಪಾಠ ಬಂತು. ಅರ್ಧಕ್ಕೆ ಬಂದಾಗ, ಪ್ರತಿ ವರ್ಷ ಓಡಿಸಿಕೊಂಡು ಹೋಗುತ್ತಿದ್ದ ಒಂದು ಸಾಲಿನಲ್ಲಿ ನನ್ನ ನಾಲಿಗೆ ನಿಂತಿತು. ಯಾರ ನೆಲವನ್ನು ಹಂಚಲಾಗುತ್ತಿತ್ತೋ ಆ ದೇಶದ ಪ್ರತಿನಿಧಿಗಳು ಇಬ್ಬರು ಅದೇ ಊರಿಗೆ ಬಂದಿದ್ದರು. ಅವರನ್ನು ಸಭೆಗೆ ಬಿಟ್ಟುಕೊಳ್ಳಲಿಲ್ಲ, ಹೋಟೆಲಿನಲ್ಲಿ ಕೂರಿಸಿ, ಎಲ್ಲ ಮುಗಿದ ಮೇಲೆ ಕರೆದು ತೀರ್ಮಾನವನ್ನು ಕೈಗಿತ್ತರು. ಓಲೈಕೆಯೆಂದರೆ ಹೆದರಿಕೆ, ಓಲೈಕೆಯೆಂದರೆ ದೂರದೃಷ್ಟಿಯಿಲ್ಲದ್ದು ಎಂದೆಲ್ಲ ನಾನು ಕಲಿಸಿದ್ದೆ. ಅದರ ನಡುಗಂಬ ಬೇರೆಯೇ ಇತ್ತು. ಅಲ್ಲಿ ಕೊಡುವವನು ಕೊಡುವುದು ತನ್ನದನ್ನಲ್ಲ. ಅತ್ತೆಯ ಒಡವೆಯನ್ನು ಅಳಿಯ ದಾನ ಮಾಡುವ ಬಗೆ ಅದು. ನಮ್ಮ ಹೈದರಾಬಾದಿನ ದೊರೆಗಳೂ ಕುಂಪಣಿಯ ಪಡೆಯ ಆಸರೆಗಾಗಿ ಬಳ್ಳಾರಿಯ ಸೀಮೆಯನ್ನು ಬಿಟ್ಟುಕೊಟ್ಟರಲ್ಲ, ಬಳ್ಳಾರಿಯವರನ್ನು ಯಾರು ಕೇಳಿದರು? ಕಾಲೇಜಿನ ಕೋಣೆ ದೇಶವಲ್ಲ, ಕರೆಸ್ಪಾಂಡೆಂಟರು ಸರ್ವಾಧಿಕಾರಿಯೂ ಅಲ್ಲ ಎಂಬಷ್ಟು ವಿವೇಕ ನನಗಿದೆ. ಆದರೆ ಚಹಾ ಕುಡಿಯುತ್ತ ಸಹಿ ಹಾಕಿದ ಆ ಕೈಯ ಹಗುರತನ ಮಾತ್ರ ಎರಡೂ ಕಡೆ ಒಂದೇ ಎಂದು ಆ ದಿನ ತಿಳಿಯಿತು. ಗಂಟೆ ಹೊಡೆಯುವ ಮೊದಲೇ ಪಾಠ ನಿಲ್ಲಿಸಿದೆ.

ಮಿಕ್ಕದ್ದೂ ಪಾಠದಲ್ಲಿದ್ದಂತೆಯೇ ಆಯಿತು. ಶಾಂತಾಬಾಯಿ ಮೆಟ್ಟಿಲ ಕೆಳಗೆ ತರಗತಿ ನಡೆಸಿದರು. ಅಲ್ಲಿ ಗದ್ದಲವೆಂದು ಹುಡುಗರು ತಪ್ಪಿಸಿಕೊಂಡರು. ಹಾಜರಿ ಕಡಿಮೆಯೆಂದು, ಬರುವ ವರ್ಷದಿಂದ ಕನ್ನಡಕ್ಕೆ ಹೊಸ ಪ್ರವೇಶವಿಲ್ಲ ಎಂಬ ಸುತ್ತೋಲೆಯ ಕರಡು ನನ್ನ ಮೇಜಿಗೆ ಬಂತು. ಮತ್ತೆ ನನ್ನ ಸಹಿ ಬೇಕಿತ್ತು. ಕನ್ನಡ ಹೋದರೆ ಆ ಮಕ್ಕಳು ತೆಲುಗನ್ನೋ ಹಿಂದಿಯನ್ನೋ ಪರೀಕ್ಷೆಗೆ ಬರೆಯಬೇಕು. ಬೀದಿಯಲ್ಲಿ ಆ ಭಾಷೆಗಳನ್ನು ಅರಳು ಹುರಿದಂತೆ ಆಡುವವರಿಗೂ ಬರೆಯಲು ಬಾರದು. ಅವರು ಕಾಲೇಜಿಗೇ ಬರುವುದಿಲ್ಲ, ಅಷ್ಟೇ.

ಕರಡನ್ನು ಶಾಂತಾಬಾಯಿಯವರಿಗೆ ತೋರಿಸಿದೆ. ಈ ಸಲ ಮೊದಲು ತೋರಿಸಿದೆ. ಅವರು ಎರಡು ಸಲ ಓದಿ ಮಡಚಿ ಹಿಂದಕ್ಕೆ ಕೊಟ್ಟು, ಭಾನುವಾರ ತಾವು ಹುಡುಗರ ಮನೆಗಳಿಗೆ ಹೋಗುವುದಾಗಿಯೂ ನನಗೆ ಬಿಡುವಿದ್ದರೆ ಬರಬಹುದೆಂದೂ ಹೇಳಿದರು. ನನ್ನನ್ನು ಅವರು ಕರೆದರಲ್ಲ, ಆ ಕರೆಗೆ ನಾನು ಇಂದಿಗೂ ಋಣಿ. ಹೊರಗಿಡಲ್ಪಟ್ಟವರು ಹೊರಗಿಟ್ಟವನನ್ನು ಜೊತೆಗೆ ಕರೆಯುವುದು ಇತಿಹಾಸದಲ್ಲಿ ಅಪರೂಪ.

ಮೂರು ಭಾನುವಾರ ಬಸ್ಸು ಹತ್ತಿ ಊರಾಚೆ ಹೋದೆವು. ಗಾಜಿನ ಕಟ್ಟಡಗಳ ಬೆನ್ನಿಗೆ ತಗಡಿನ ಗುಡಿಸಲುಗಳ ಸಾಲು. ಮಣ್ಣಿನಲ್ಲಿ ನಡೆದು ನಡೆದು ಶಾಂತಾಬಾಯಿಯವರ ಸೀರೆಯ ಅಂಚು ಕೆಂಪಾಗಿತ್ತು. ಅವರು ಮನೆಮನೆಗೂ ಬಾಗಿ ಒಳಗೆ ಹೋಗಿ, ಕೂತು, ವಿಷಯವನ್ನು ಬಿಡಿಸಿ ಹೇಳಿ, ನಿಮಗೇನನ್ನಿಸುತ್ತದೆ ಎಂದು ಕೇಳುತ್ತಿದ್ದರು. ಯಾದಗಿರಿ ಕಡೆಯ ಭೀಮವ್ವ ಎಂಬ ಹೆಂಗಸು ಇಟ್ಟಿಗೆ ಹೊರುವವಳು. ಅವಳ ಮಗಳು ಪಿಯುಸಿ ಮುಗಿಸಿ ನಮ್ಮ ಕಾಲೇಜಿಗೆ ಬರಬೇಕಿತ್ತು. ಭೀಮವ್ವ ಎಲ್ಲ ಕೇಳಿಸಿಕೊಂಡು ನನ್ನ ಕಡೆ ತಿರುಗಿದಳು, ಹಿರಿಯ ನಾನೇ ಎಂದುಕೊಂಡಿರಬೇಕು.

"ಕೋಣಿ ಸಣ್ಣದಾದ್ರ ನಡೀತೈತ್ರಿ ಸಾಹೇಬ್ರ. ನಾವಿಲ್ಲಿ ಆರು ಮಂದಿ ಇಷ್ಟ ಜಾಗಾದಾಗ ಮಲಗ್ತೀವಿ. ಬಾಗಲಾ ಮಾತ್ರ ಹಾಕಬ್ಯಾಡ್ರಿ."

ಆಡಳಿತ ಮಂಡಳಿಯ ಮುಂದಿನ ಸಭೆಯ ದಿನ ಭೀಮವ್ವ ಕೂಲಿ ಬಿಟ್ಟು ಬಂದಳು, ಇನ್ನೂ ಹತ್ತು ಹದಿನೈದು ತಂದೆತಾಯಿಗಳೂ ಬಂದರು. ಅವರು ಹೊರಗೆ ನಿಲ್ಲುವುದು ಬೇಡವೆಂದು ಶಾಂತಾಬಾಯಿ ತಾವೇ ಕುರ್ಚಿ ಹೊತ್ತು ತಂದು ಒಳಗೆ ಹಾಕಿದರು. ಕರೆಸ್ಪಾಂಡೆಂಟರು ನನ್ನತ್ತ ನೋಡಿದರು, ಎಂದಿನಂತೆ ನಾನು ಮಾತು ತಣಿಸುತ್ತೇನೆಂಬ ನಂಬಿಕೆಯಿಂದ. ಕನ್ನಡವಿಲ್ಲದ ವೇಳಾಪಟ್ಟಿಗೆ ನಾನು ಸಹಿ ಹಾಕುವುದಿಲ್ಲ ಎಂದೆ. ಜಾಗವಿಲ್ಲ ಎಂಬ ಅವರ ಮಾತು ಸುಳ್ಳಲ್ಲವೆಂದೂ, ಹಾಗಾಗಿ ಇತಿಹಾಸದ ಕೋಣೆಯನ್ನು ಇನ್ನು ಮೇಲೆ ನಾನೂ ಶಾಂತಾಬಾಯಿಯವರೂ ಹಂಚಿಕೊಳ್ಳುತ್ತೇವೆ, ಮುಂಜಾನೆ ನನ್ನದು, ಮಧ್ಯಾಹ್ನ ಅವರದು ಎಂದೂ ಹೇಳಿದೆ. ಕೊಡುವುದೇ ಆದರೆ ನನ್ನದನ್ನು ಕೊಡಬೇಕೆಂಬ ಸರಳ ಮಾತು ನನ್ನ ತಲೆಗೆ ಇಳಿಯಲು ಅಷ್ಟು ವರ್ಷ ಬೇಕಾಯಿತು. ಕರೆಸ್ಪಾಂಡೆಂಟರು ಪೆನ್ನನ್ನು ಕೆಳಗಿಟ್ಟರು. ಭೀಮವ್ವನನ್ನು ನೋಡಿ, ಮಗಳ ಹೆಸರೇನೆಂದು ಹಿಂದಿಯಲ್ಲಿ ಕೇಳಿದರು. ಅವಳು ಹೇಳಿದಳು. ಆಮೇಲೆ ಸುತ್ತೋಲೆಯನ್ನು ಹರಿದು ಬುಟ್ಟಿಗೆ ಹಾಕಿ ಮುಂದಿನ ವಿಷಯಕ್ಕೆ ಹೋದರು. ನಾನು ಜೀವಮಾನವೆಲ್ಲ ಹೆದರುತ್ತಿದ್ದ ದೊಣ್ಣೆ ಬೀಸಲೇ ಇಲ್ಲ. ಬೀಸಿದ್ದರೂ ಆ ದಿನ ನಾನು ಅಲ್ಲೇ ನಿಂತಿರುತ್ತಿದ್ದೆನೇ? ಪ್ರಾಮಾಣಿಕವಾಗಿ ಹೇಳುವುದಾದರೆ, ಪಕ್ಕದಲ್ಲಿ ಶಾಂತಾಬಾಯಿ ಇದ್ದದ್ದರಿಂದ ನಿಂತಿರುತ್ತಿದ್ದೆ ಅನ್ನಿಸುತ್ತದೆ.

ಹೋದ ಕೋಣೆ ಮರಳಲಿಲ್ಲ. ಅಲ್ಲಿ ಆಗಲೇ ತಣ್ಣನೆಯ ಯಂತ್ರಗಳು ಗುಂಯ್‌ಗುಡುತ್ತಿದ್ದವು. ಆದರೆ ನಾನು ನಿವೃತ್ತನಾಗುವವರೆಗೂ ಕನ್ನಡದ ತರಗತಿ ನಿಲ್ಲಲಿಲ್ಲ. ಭೀಮವ್ವನ ಮಗಳು ಪದವಿ ಮುಗಿಸಿ, ಈಗ ಅಮ್ಮ ಇಟ್ಟಿಗೆ ಹೊತ್ತ ಬೀದಿಯಲ್ಲೇ ಒಂದು ಶಾಲೆಯಲ್ಲಿ ಕಲಿಸುತ್ತಾಳೆ.

ಸಭೆ ಮುಗಿದ ಮರುದಿನದ ಮಧ್ಯಾಹ್ನ ನನಗೆ ಅಚ್ಚಳಿಯದೆ ನೆನಪಿದೆ. ನನ್ನ ಪಾಠ ಮುಗಿದು ಹುಡುಗರು ಎದ್ದಿದ್ದರು. ಶಾಂತಾಬಾಯಿ ಪುಸ್ತಕದ ಕಟ್ಟನ್ನು ಎದೆಗವಚಿಕೊಂಡು ಹೊಸ್ತಿಲಲ್ಲಿ ನಿಂತಿದ್ದರು, ಒಳಗೆ ಬರಲಿಲ್ಲ. ಕಪ್ಪುಹಲಗೆಯ ತುಂಬ ನನ್ನ ಅಕ್ಷರ. ಬನ್ನಿ ಎಂದೆ. ಅವರು ಹಲಗೆಯತ್ತ ನೋಡಿದರು.

"ಅದನ್ನ ಒರಸಲೇನ್ರಿ, ಸರ್? ನಿಮಗ ನಾಳೆಗೆ ಬೇಕಿದ್ರ ಅರ್ಧ ಬಿಡ್ತೀನಿ."

ನಾನು ಒರೆಸುವ ಬಟ್ಟೆಯನ್ನು ಕೈಗೆತ್ತಿಕೊಂಡು, ಅವರಿಗೆ ಎಷ್ಟು ಬೇಕೆಂದು ಕೇಳಿದೆ.