ಗಾಳಿಕಂಡಿ ತೆರೆದಿಟ್ಟ ಮನೆ

ಪ್ರೋಖೋರ್ ಸಾವ್ವಿಚ್ ಬಗ್ಗೆ ಬರೆಯುವವರೆಲ್ಲ ಎಂಬತ್ತೊಂಬತ್ತರ ಮುಷ್ಕರದಿಂದಲೇ ಶುರು ಮಾಡುತ್ತಾರೆ. ರಷ್ಯಾದ ಉತ್ತರ ತುದಿಯ ಕಲ್ಲಿದ್ದಲಿನ ಊರು ವೋರ್ಕುತಾದ ಚೌಕದಲ್ಲಿ ನಾವು ಸಾವಿರಾರು ಗಣಿ ಕಾರ್ಮಿಕರು ಕರಿ ಮುಖದಲ್ಲೇ ಕೂತಿದ್ದೆವು. ತೊಳೆದುಕೊಳ್ಳಲು ಸೋಪು ಸಿಗುತ್ತಿರಲಿಲ್ಲ, ಹೋರಾಟ ಹುಟ್ಟಿದ್ದೇ ಅಲ್ಲಿಂದ. ಪ್ರೋಖೋರ್ ಬಕೆಟ್ ಮಗುಚಿ ಹಾಕಿ ಅದರ ಮೇಲೆ ನಿಂತು ಮಾತಾಡಿದ. ಮಂತ್ರಿಯೊಬ್ಬ ವಿಮಾನ ಹತ್ತಿ ಬಂದು ನಮ್ಮೆದುರು ಬೆವರಿದ. ನಾನು ಅವತ್ತು ಆ ಬಕೆಟ್ಟಿನ ಪಕ್ಕದಲ್ಲೇ ಇದ್ದೆ, ಅದನ್ನು ಸುಳ್ಳು ಅನ್ನುವುದಿಲ್ಲ. ಆದರೆ ಅವನು ನಿಜಕ್ಕೂ ಏನು ಎಂದು ನನಗೆ ಗೊತ್ತಾದದ್ದು ಎಂಟು ವರ್ಷದ ನಂತರ, ಒಂದು ಹಳೆಯ ದಿಮ್ಮಿ ಮನೆ ಕೊಳ್ಳುವ ವಿಷಯದಲ್ಲಿ.

ಅವನು ಹುಟ್ಟಿದ್ದೇ ವೋರ್ಕುತಾದ ಒಂದು ಬ್ಯಾರಕ್ಕಿನಲ್ಲಿ. ಅಪ್ಪನನ್ನು ಬಂದೂಕು ಹಿಡಿದವರು ಕೈದಿಯಾಗಿ ರೈಲಿಗೆ ತುಂಬಿ ತಂದಿದ್ದರು, ಮಗ ಎಲ್ಲಿಗೂ ಹೋಗಲಾರದೆ ಉಳಿದ. ಇಪ್ಪತ್ತಾರು ವರ್ಷ ನೆಲದಡಿಯಲ್ಲಿ ಸುರಂಗದ ಮಾಡಿಗೆ ಕಂಬ ಕೊಡುವ ಕೆಲಸ ಮಾಡಿದ. ಸೊಂಟದೆತ್ತರದ ಸುರಂಗದಲ್ಲಿ ಮಂಡಿಯೂರಿ, ಪೈನ್ ಮರದ ಕಂಬ ಕೊಯ್ದು ನಿಲ್ಲಿಸಬೇಕು. ಮರದ ವಿಷಯದಲ್ಲಿ ಅವನ ಕಿವಿ ಕೈಗಿಂತ ಚುರುಕು. ಕೊನೆಗೆ ಅವನ ಶ್ವಾಸಕೋಶದಲ್ಲಿ ಕಲ್ಲಿದ್ದಲಿನ ಪುಡಿ ಎಷ್ಟು ಕೂತಿತೆಂದರೆ ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ದಿಂಬಿಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದ.

ತೊಂಬತ್ತಾರರ ಬೇಸಿಗೆಯಲ್ಲಿ ಗಣಿ ಮುಚ್ಚಿತು. ಅವನ ಬಡಾವಣೆಯ ಮನೆಗಳನ್ನು ಬೆಚ್ಚಗಿಡುವ ಬಿಸಿನೀರಿನ ಕೊಳವೆಗಳನ್ನು ಮುಂದಿನ ಚಳಿಗಾಲಕ್ಕೆ ನಿಲ್ಲಿಸುತ್ತೇವೆ ಎಂದು ನೋಟಿಸು ಅಂಟಿಸಿದರು. ಅವನ ಹೆಂಡತಿ ಫೈನಾ ಅದನ್ನು ಎರಡು ಸಲ ಓದಿ, "ನಾನು ಸಾಯೋದ್ರೊಳಗೆ ಒಂದ್ಸಲ ಆಲೂಗೆಡ್ಡೆ ಬೆಳೀಬೇಕು ಕಣೋ ಪ್ರೋಶಾ," ಅಂದಳು. ಇಪ್ಪತ್ತೈದು ವರ್ಷ ಗಣಿಯಲ್ಲಿ ತಲೆದೀಪ ಹಂಚುವ ಕೋಣೆಯಲ್ಲಿ ಕೆಲಸ ಮಾಡಿದ್ದ ಹೆಂಗಸು. ಮಣ್ಣು ಅಂದರೆ ಅವಳಿಗೆ ಕಿಟಕಿಯ ಡಬ್ಬದಲ್ಲಿದ್ದ ಈರುಳ್ಳಿ ಗಿಡ ಅಷ್ಟೇ.

ಪ್ರೋಖೋರ್ ಮೋಟಾರ್ ಸೈಕಲ್ ಮಾರಿದ. ಫ್ಲಾಟನ್ನು ಕೊಳ್ಳುವವರೇ ಇರಲಿಲ್ಲ. ಕೈಗೆ ಬಂದದ್ದು ಒಂದು ಮನೆಗೆ ಸಾಕು, ಎರಡನೆಯದಕ್ಕೆ ಸಾಲದು. ಅಂದರೆ ತಪ್ಪು ಮಾಡುವ ಅವಕಾಶ ಒಂದೇ ಒಂದು ಸಲ.

ದಕ್ಷಿಣಕ್ಕೆ ಹೊರಟು ಕೋತ್ಲಾಸಿನಲ್ಲಿ ರೈಲು ಇಳಿದು, ಬಸ್ಸಿನಲ್ಲಿ ನಾಲ್ಕು ಗಂಟೆ, ಆಮೇಲೆ ದೋಣಿ. ಲೋಖ್ತಾ ಎಂಬ ಊರು, ಇಪ್ಪತ್ತು ಒಲೆಗಳು ಹೊಗೆಯಾಡುತ್ತಿದ್ದವು. ನಾನೂ ಜೊತೆಗೆ ಹೋಗಿದ್ದೆ. ಮನೆ ಮಾರುವವಳು ಅಂಚೆ ಹಂಚುವ ನೆಲ್ಯಾ. ನಲವತ್ತು ದಾಟಿದ, ದೊಡ್ಡ ದನಿಯ ಹೆಂಗಸು. ಅವಳ ದೊಡ್ಡಮ್ಮ ಬಿಟ್ಟುಹೋದ ಮನೆ ಅದು. ಮಾರುವವರು ಹೊಗಳುತ್ತಾರೆಂದು ನಾವು ಕಿವಿ ಗಟ್ಟಿ ಮಾಡಿಕೊಂಡು ಹೋಗಿದ್ದೆವು. ನೆಲ್ಯಾ ಉಲ್ಟಾ ಶುರು ಮಾಡಿದಳು.

"ಉತ್ತರದ ಗೋಡೇಲಿ ತಳದ ಸಾಲು ಕೊಳೆತಿದೆ. ಹೊಗೆಕೊಳವೆ ಬಿರುಕು ಬಿಟ್ಟಿದೆ. ಮಾಡು ಎರಡು ಕಡೆ ಸೋರುತ್ತೆ. ಒಲೆ ಮಾತ್ರ ಬಂಗಾರ. ಸುಳ್ಳು ಹೇಳಿ ನಿಮಗೆ ಮಾರಿ, ಆಮೇಲೆ ದಿನಾ ನಿಮಗೇ ಕಾಗದ ತಂದು ಕೊಡೋ ಕರ್ಮ ನನಗ್ಯಾಕೆ?"

ಪ್ರೋಖೋರ್ ಕೊಡಲಿಯ ಹಿಂಬದಿಯಿಂದ ಒಂದೊಂದು ದಿಮ್ಮಿಯನ್ನೂ ತಟ್ಟುತ್ತ ಮನೆ ಸುತ್ತಿದ. ಗಟ್ಟಿ ಮರ ಗಂಟೆಯ ಹಾಗೆ ಅನ್ನುತ್ತದೆ, ಸತ್ತ ಮರ ಕುಂಬಳಕಾಯಿಯ ಹಾಗೆ. ಉತ್ತರದಲ್ಲಿ ಕೆಳಗಿನ ಎರಡು ಸಾಲು ಕುಂಬಳಕಾಯಿ.

"ತಳ ಸತ್ತಿದೆ, ಮೇಲಿನದೆಲ್ಲ ಜೀವಂತ," ಅಂದ.

"ನಿನ್ನ ಹಾಗಲ್ಲ ಹಾಗಾದ್ರೆ," ಅಂದಳು ಫೈನಾ. "ನಿಂದು ಮೇಲಿನದೇ ಹೋಗಿರೋದು."

ಕೊಳ್ಳಬೇಕೋ ಬೇಡವೋ ಎಂದು ಅವನು ಬೇಲಿಯ ಮೇಲೆ ಕೂತು ಒಂದು ಗಂಟೆ ಯೋಚಿಸಿದ. ಯೋಚಿಸಿದಷ್ಟೂ ಕೆಮ್ಮು ಜಾಸ್ತಿ ಆಯಿತು. ನೆಲ್ಯಾ ಸಹನೆ ಕೆಟ್ಟು ಹೇಳಿದಳು: "ಒಂದು ಚಳಿಗಾಲ ಇದ್ದು ನೋಡಿ. ಬಾಡಿಗೆ ಬೇಡ, ಮನೆ ಬೆಚ್ಚಗಿಟ್ಟರೆ ನನಗೂ ಲಾಭ. ಮಾರ್ಚಲ್ಲಿ ಹೂಂ ಅನ್ನಿ, ಇಲ್ಲ ಬೀಗದ ಕೈ ಕೊಟ್ಟು ಹೊರಡಿ."

ಅಷ್ಟು ಒಳ್ಳೆಯ ಮಾತು ಯಾವ ಮಂತ್ರಿಯೂ ನಮಗೆ ಆಡಿರಲಿಲ್ಲ.

ಸೆಪ್ಟೆಂಬರ್ ಕೊನೆಗೆ ಅವರು ಸಾಮಾನು ತಂದರು, ಹೊರಲು ನಾನೂ ಬಂದೆ. ಮನೆಯ ತಳದಲ್ಲಿ, ನೆಲದ ಹಲಗೆಗಳ ಕೆಳಗೆ, ಸುತ್ತಲೂ ಅಂಗೈಯಗಲದ ಆರು ಗಾಳಿಕಂಡಿಗಳಿದ್ದವು. ನಾವು ಬರುವ ಹಿಂದಿನ ದಿನ ನೆಲ್ಯಾ ಅವಕ್ಕೆ ಹಳೆ ಬಟ್ಟೆ, ಒಣಪಾಚಿ ತುರುಕಿ, ಅದರ ಮೇಲೆ ಮಣ್ಣು ಏರಿಸಿದ್ದಳು. ಪ್ರೋಖೋರ್ ನೋಡಿದವನೇ ಉರಿದುಹೋದ.

"ಸಿಕ್ಕಿದ ನೋಡು ಕೊಲೆಗಾರ! ಬಾಯಿಗೆ ಬಟ್ಟೆ ತುರುಕಿದ್ರೆ ಮರ ಕೊಳೀದೆ ಇರುತ್ತಾ?"

ನನಗೂ ಅದು ಸರಿಯೆನಿಸಿತು. ವೋರ್ಕುತಾದಲ್ಲಿ ಮನೆಗಳು ನಿಂತಿರುವುದು ಎಂದೂ ಕರಗದ ಹೆಪ್ಪುನೆಲದ ಮೇಲೆ. ನೆಲದಡಿ ಬೆಚ್ಚಗಾದರೆ ಹೆಪ್ಪು ಕರಗುತ್ತದೆ, ಕಟ್ಟಡ ಸೀಳುತ್ತದೆ. ಹಾಗಾಗಿ ಅಲ್ಲಿ ಶರತ್ಕಾಲ ಬಂತೆಂದರೆ ಕಾವಲುಗಾರ ಟಾರ್ಚು ಹಿಡಿದು ಬಂದು ಗಾಳಿಕಂಡಿಗಳೆಲ್ಲ ತೆರೆದಿವೆಯೋ ಇಲ್ಲವೋ ನೋಡುತ್ತಾನೆ. ಮುಚ್ಚಿದವನಿಗೆ ಬೈಗುಳ. ಐವತ್ತು ವರ್ಷದಿಂದ ನಮ್ಮ ರಕ್ತದಲ್ಲಿರುವುದು ಅದೊಂದೇ ಪಾಠ: ತಳಕ್ಕೆ ಚಳಿ ಬೇಕು. ಮೂರು ಕಂಡಿಯ ಬಟ್ಟೆ ಅವನು ಕಿತ್ತ, ಮೂರರದ್ದು ನಾನು ಕಿತ್ತೆ.

ಪಕ್ಕದ ಮನೆಯ ದೆಮಿದ್ ಬೇಲಿಯಾಚೆ ನಿಂತು ನೋಡುತ್ತಿದ್ದ. ಒಂದು ಕಣ್ಣಿಲ್ಲದ ಮುದಿ ಬಡಗಿ.

"ಚಳಿಗಾಲ ಬಾಗಿಲಿಗೆ ಬಂದಾಗ ಮನೆ ಚಡ್ಡಿ ಬಿಚ್ಚೋರನ್ನ ಇವತ್ತೇ ಕಂಡಿದ್ದು," ಅಂದ.

"ಉಸಿರಾಡ್ಲಿ ಬಿಡಪ್ಪ. ನೀವೇ ಸೇರಿ ಕೊಳೆಸಿದ್ದೀರ ಇದನ್ನ."

"ಅರವತ್ತೆಂಟು ಚಳಿಗಾಲ ಕಳೆದಿದ್ದೀನಿ ನಾನಿಲ್ಲಿ."

"ಅರವತ್ತೆಂಟು ವರ್ಷ ಯಾರು ಏನಂದ್ರೂ ತಲೆ ಬಗ್ಗಿಸಿ ಕೂತೋರು ನೀವು. ನಾವು ಸರ್ಕಾರಾನೇ ಅಲ್ಲಾಡಿಸಿ ಬಂದೋರು. ನನಗೆ ಮನೆ ಕಟ್ಟೋದು ಹೇಳ್ಕೊಡ್ತೀಯಾ?"

ದೆಮಿದ್ ಉಳಿದೊಂದು ಕಣ್ಣಿನಲ್ಲಿ ಅವನನ್ನು ಮೇಲಿಂದ ಕೆಳಗೆ ಅಳೆದ. "ಸರಿ ಧಣಿ," ಎಂದು ಒಳಗೆ ಹೋದ. ಆಮೇಲೆ ಇಡೀ ಚಳಿಗಾಲ ಆ ಬೇಲಿಯ ಹತ್ತಿರ ಬರಲಿಲ್ಲ. ನೆಲ್ಯಾ ತಾನು ಮುಚ್ಚಿದ ಕಂಡಿಗಳು ಹಾಗೇ ಇವೆ ಎಂದುಕೊಂಡಿದ್ದಳು.

ಇದು ನಮ್ಮಂಥವರ ರೋಗ. ಒಂದು ಸಲ ಗಂಟಲು ಹರಿದು ಕೂಗಿ ಗೆದ್ದವನಿಗೆ, ಆಮೇಲೆ ತಾನು ಹೇಳಿದ್ದೆಲ್ಲ ಸರಿ ಎಂದೇ ಕಾಣುತ್ತದೆ. ನಾನು ಅವತ್ತು ನಕ್ಕೆ.

ಚಳಿಗಾಲದ ಸುದ್ದಿ ನನಗೆ ಸಿಕ್ಕಿದ್ದು ಫೈನಾಳ ಕಾಗದಗಳಿಂದ. ನವೆಂಬರಿನದರಲ್ಲಿ ತಮಾಷೆಯಿತ್ತು: "ತಿಖೋನ್, ಒಲೆ ಹತ್ತಿರ ಕೂತರೆ ಬೆನ್ನು ಸುಡುತ್ತೆ, ಕಾಲು ಮರಗಟ್ಟುತ್ತೆ. ಅರ್ಧ ಬೆಂದ ಮೀನಿನ ಹಾಗಿದ್ದೀನಿ." ಡಿಸೆಂಬರಿನದರಲ್ಲಿ, ಬಾಗಿಲ ಬಳಿ ನೆಲದ ಮೇಲಿಟ್ಟ ಬಕೆಟ್ಟಿನ ನೀರು ಬೆಳಿಗ್ಗೆ ಹೆಪ್ಪುಗಟ್ಟಿರುತ್ತದೆ ಎಂದಿತ್ತು. ಪ್ರೋಖೋರ್ ಹೊಗೆಕೊಳವೆಗೆ ಮಣ್ಣು ಮೆತ್ತಿದ, ದಿಮ್ಮಿಗಳ ಸಂದಿಗೆ ಪಾಚಿ ತುಂಬಿದ, ದಿನಕ್ಕೆ ಮೂರು ಸಲ ಒಲೆ ಉರಿಸಿದ. ಕೊಳೆತ ಉತ್ತರದ ಗೋಡೆಯನ್ನು ಬೈದ. ಬೈಯಲು ಅವನಿಗೆ ಗೋಡೆ ಸಿಕ್ಕಿತ್ತು, ಹಾಗಾಗಿ ಬೇರೇನೂ ಕಾಣಲಿಲ್ಲ.

ಜನವರಿಯ ಕಾಗದ ಚಿಕ್ಕದು. ಕೊಂಡು ತಂದು ನೆಲದಡಿಯ ಗುಂಡಿಯಲ್ಲಿಟ್ಟಿದ್ದ ಆಲೂಗೆಡ್ಡೆಯೆಲ್ಲ ಹೆಪ್ಪುಗಟ್ಟಿ ಸಿಹಿಯಾಗಿದೆ, ಬೇಯಿಸಿದರೆ ಕಪ್ಪಾಗುತ್ತದೆ, ತನಗೆ ಎದೆಯಲ್ಲಿ ಚಳುಕು ಎಂದಿತ್ತು. ಅದನ್ನು ಓದಿದಾಗಲಾದರೂ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಫೆಬ್ರವರಿ ನಾಲ್ಕಕ್ಕೆ ಫೈನಾ ಸತ್ತಳು, ನ್ಯುಮೋನಿಯಾ. ಹಿಮಗಾಳಿಗೆ ದಾರಿ ಮುಚ್ಚಿ, ಆರೋಗ್ಯ ಸಹಾಯಕ ಜಾರುಬಂಡಿಯಲ್ಲಿ ಬಂದು ತಲುಪಿದ್ದು ಮಾರನೆಯ ದಿನ. ಸಮಾಧಿಗೆ ಗುಂಡಿ ತೋಡಲು, ಚಳಿಗೆ ಮೇಲ್ಮಣ್ಣು ಗಟ್ಟಿಯಾದ ನೆಲದ ಮೇಲೆ ಎರಡು ದಿನ ಬೆಂಕಿ ಉರಿಸಬೇಕಾಯಿತಂತೆ. ತೋಡಿದವನು ದೆಮಿದ್.

ಸತ್ತವರ ಹೆಸರಲ್ಲಿ ನಲವತ್ತನೆಯ ದಿನ ಹಾಕುವ ಊಟಕ್ಕೆ ನಾನು ಹೋದೆ. ಒಣದ್ರಾಕ್ಷಿ ಹಾಕಿದ ಸಿಹಿ ಅನ್ನ, ತೆಳುದೋಸೆ, ಉಪ್ಪಿನಲ್ಲಿಟ್ಟ ಅಣಬೆ, ಎಲ್ಲ ನೆಲ್ಯಾ ಮಾಡಿದ್ದು. ಹೆಂಗಸರು ಕಾಲಿಗೆ ಶಾಲು ಸುತ್ತಿಕೊಂಡು ಕೂತಿದ್ದರು. ಪ್ರೋಖೋರ್ ಆಗಲೇ ತೀರ್ಮಾನಿಸಿದ್ದ. "ಈ ಮನೆ ನನಗೆ ಬೇಡ. ಹೆಂಡ್ತೀನ ತಿಂದ ಮನೆ," ಎಂದು ಎಲ್ಲರೆದುರೂ ಅಂದ. ನೆಲ್ಯಾಳ ಮುಖ ಬಿಳುಚಿತು. ಆ ಮಾತು ಅಂಚೆಗಿಂತ ಮೊದಲೇ ಊರೂರು ತಲುಪುತ್ತದೆ, ಆಮೇಲೆ ಆ ಮನೆಯನ್ನು ಸೌದೆಗೂ ಕೊಳ್ಳುವವರಿರುವುದಿಲ್ಲ.

ದೆಮಿದ್ ಲೋಟ ಕೆಳಗಿಟ್ಟ. "ಮನೆ ತಿನ್ಲಿಲ್ಲ ಪ್ರೋಖೋರ್ ಸಾವ್ವಿಚ್."

"ಮತ್ತ್ಯಾರು?"

"ನಿಮ್ಮೂರಿನ ಹಾಗೆ ಇಲ್ಲಿ ಅಡೀಲಿ ಹೆಪ್ಪು ಇಲ್ಲ. ಮಣ್ಣಿಗೇ ಒಂದಿಷ್ಟು ಬಿಸಿ ಇರುತ್ತೆ. ಬೇಸಿಗೇಲಿ ಕಂಡಿ ತೆಗೀತೀವಿ, ಮರ ಒಣಗ್ಲಿ ಅಂತ. ಚಳಿಗಾಲಕ್ಕೆ ಮುಚ್ತೀವಿ, ಬಿಸಿ ಹೋಗದೇ ಇರ್ಲಿ ಅಂತ. ಹಾಲು ಕುಡಿಯೋ ಮಕ್ಕಳಿಗೂ ಗೊತ್ತು ಇದು. ನೀವು ಆರು ತಿಂಗಳು ನೆಲದಡಿ ಬಯಲು ಮಾಡ್ಕೊಂಡು ಕೂತಿದ್ರಿ."

"ಹೇಳ್ಬೇಕಿತ್ತು ನೀನು," ಅಂದ ಪ್ರೋಖೋರ್.

"ಹೇಳ್ಬೇಕಿತ್ತು. ಒಂದ್ಸಲ ಶುರು ಮಾಡ್ದೆ, ನೀವು ಉಗಿದ್ರಿ. ನನಗೂ ಹಟ ಬಂತು, ಚಳಿಯೇ ಪಾಠ ಕಲಿಸ್ಲಿ ಅಂತ ಬಿಟ್ಟೆ. ನಿಮಗೆ ಕಲಿಸುತ್ತೆ ಅಂದ್ಕೊಂಡೆ. ಆ ಹೆಂಗಸಿಗೆ ಅಂತ ಅಂದ್ಕೊಂಡಿರ್ಲಿಲ್ಲ."

ಪ್ರೋಖೋರ್ ಎದ್ದು ಹೊರಗೆ ಹೋದ. ಹೋಗಿ ಕಿಟಕಿಯ ಕೆಳಗೆ ನಿಂತು ಕೆಮ್ಮಿದ. ಒಳಗೆ ನಾವೆಲ್ಲ ಅದನ್ನು ಕೇಳುತ್ತ ಕೂತೆವು.

ಮಾರನೆಯ ಬೆಳಿಗ್ಗೆ ನಾನು ಅವನಿಗೆ ಹೇಳಿದೆ: "ಬಾರಯ್ಯ, ವಾಪಸ್ ಹೋಗೋಣ. ನನ್ನ ಬ್ಲಾಕಿನಲ್ಲಿ ಇನ್ನೊಂದು ವರ್ಷ ಬಿಸಿನೀರು ಬಿಡ್ತಾರೆ. ಬೀಗದ ಕೈ ಕೊಟ್ಟುಬಿಡು."

"ಬೀಗದ ಕೈ ಕೊಟ್ರೆ ಊರು ಏನನ್ನುತ್ತೆ?"

"ಅಂದ್ಕೊಳ್ಳಲಿ."

"ಮನೆ ಕೆಟ್ಟದ್ದು ಅನ್ನುತ್ತೆ. ನೆಲ್ಯಾ ಮೋಸ ಮಾಡಿದ್ಲು ಅನ್ನುತ್ತೆ. ಅವಳು ಮೊದಲನೇ ದಿನವೇ ಎಲ್ಲ ಹೇಳಿದ್ಲು." ಬೂಟಿನ ದಾರ ಕಟ್ಟುತ್ತ ಕೂತಿದ್ದ, ಬಗ್ಗಿದರೆ ಉಸಿರು ಸಿಗದೆ ಮತ್ತೆ ಮತ್ತೆ ನೆಟ್ಟಗಾಗುತ್ತಿದ್ದ. "ಚೌಕದಲ್ಲಿ ಬಕೆಟ್ ಹತ್ತಿ ಏನು ಕೂಗಿದ್ದೆವು ನಾವು? ತಪ್ಪು ಮಾಡಿದವರು ಜನರೆದುರು ಬಂದು ಹೇಳಲಿ ಅಂತ ತಾನೆ?"

ಗ್ರಾಮ ಕಚೇರಿಯಲ್ಲಿ ಗುಮಾಸ್ತೆ ಕನ್ನಡಕ ಏರಿಸಿ ಕಾಗದ ಹರಡಿದಳು. ನೆಲ್ಯಾ ಅರ್ಧ ಬೆಲೆಗೆ ಕೊಡುತ್ತೇನೆ ಅಂದಳು. ಪ್ರೋಖೋರ್ ಬೇಡವೆಂದು ತಲೆಯಾಡಿಸಿದ. "ಮೊದಲು ಹೇಳಿದ್ದೇ ಬೆಲೆ."

"ಹುಚ್ಚು ಹಿಡಿದಿದೆಯೇನ್ರೀ? ಸಾವಾಗಿರೋ ಮನೇಗೆ ಪೂರ್ತಿ ದುಡ್ಡು ಕೊಟ್ರೆ ನನ್ನ ಗಂಟಲಲ್ಲಿ ಇಳಿಯುತ್ತಾ ಅದು?"

"ಇಳಿಸ್ಕೋ. ಅರ್ಧ ಕೊಟ್ರೆ ಮನೆಗೆ ಅರ್ಧ ತಪ್ಪು ಹೊರಿಸಿದ ಹಾಗೆ."

ಮನೆಯ ದೋಷಗಳನ್ನು ಬರೆಯಬೇಕು ಅಂದಳು ಗುಮಾಸ್ತೆ. ಅವನು ಒಂದೊಂದಾಗಿ ಹೇಳಿದ: ಉತ್ತರದ ತಳದ ಎರಡು ಸಾಲು, ಹೊಗೆಕೊಳವೆ, ಮಾಡು. ಆಮೇಲೆ ಅಂದ: "ಗಾಳಿಕಂಡಿ ತೆರೆದಿಟ್ಟು ಹೆಂಡತಿಯನ್ನು ಕೊಂದವನು ಪ್ರೋಖೋರ್ ಸಾವ್ವಿಚ್ ಅಂತಾನೂ ಬರಿ."

"ಮೂರು ನಾನು ತೆಗೆದದ್ದು," ಅಂದೆ. ಅವನು ನನ್ನ ಕಡೆ ತಿರುಗಲಿಲ್ಲ.

ಆಕೆ ಪೆನ್ನು ಕೆಳಗಿಟ್ಟಳು. "ಇಲ್ಲಿ ಮನೆಯ ದೋಷ ಮಾತ್ರ ಬರೆಯೋದು, ಯಜಮಾನ್ರೇ. ಅದಕ್ಕೆ ಜಾಗ ಇಲ್ಲ."

ಬಾಗಿಲಲ್ಲಿ ಕಾಗದ ತಗೊಳ್ಳಲು ಬಂದವರು, ಪಿಂಚಣಿಗೆ ಬಂದವರು ನಿಂತಿದ್ದರು, ಅರ್ಧ ಊರೇ ಇತ್ತು. ಅವನು ಅವರ ಕಡೆ ತಿರುಗಿ ಅದೇ ಮಾತನ್ನು ಇನ್ನೊಂದು ಸಲ ಹೇಳಿದ. ಚೌಕದ ದನಿಯಲ್ಲಲ್ಲ. ಹಿಂದೆ ನಿಂತವರಿಗೆ ಕೇಳಿಸಿತೋ ಇಲ್ಲವೋ ಅನ್ನುವ ಹಾಗೆ. ಆಮೇಲೆ ರುಜು ಹಾಕಿದ.

ಜೂನಿನಲ್ಲಿ ನಾನು, ಅವನು, ದೆಮಿದ್ ಸೇರಿ ಜಾಕಿ ಕೊಟ್ಟು ಮನೆ ಎತ್ತಿ ಉತ್ತರದ ತಳದ ಸಾಲುಗಳನ್ನು ಬದಲಿಸಿದೆವು. ಹನ್ನೊಂದು ದಿನದ ಕೆಲಸ. "ಎತ್ತು", "ಸಾಕು", "ಕೊಡು" ಬಿಟ್ಟರೆ ಬೇರೆ ಮಾತಿಲ್ಲ. ದೆಮಿದ್ ಕೂಲಿ ಕೇಳಲಿಲ್ಲ, ಇವನು ಕ್ಷಮೆ ಕೇಳಲಿಲ್ಲ. ಮಧ್ಯಾಹ್ನ ಮೂವರೂ ಒಂದೇ ಬಾಣಲೆಯಲ್ಲಿ ಉಣ್ಣುತ್ತಿದ್ದೆವು.

ಡಿಸೆಂಬರಿನಲ್ಲಿ ಅವನಿಂದ ಒಂದು ಕಾರ್ಡು ಬಂತು: "ಹೊರಗೆ ಸೊನ್ನೆಗಿಂತ ಮೂವತ್ತಾರು ಡಿಗ್ರಿ ಕೆಳಗೆ. ಆರೂ ಕಂಡಿ ಮುಚ್ಚಿದ್ದೇನೆ, ಒಳಗೆ ಬರಿಗಾಲಲ್ಲಿ ಓಡಾಡಬಹುದು. ಓಡಾಡಲು ಫೈನಾ ಇಲ್ಲ. ನಾನು ಹೊರಗಿನ ಸೌದೆ ಕೋಣೆಯಲ್ಲಿ ಮಲಗುತ್ತೇನೆ."