ಮುಯ್ಯಿ ಯಾವ ಖಾನೆಗೆ?

ಓಶ್ ಊರಿನ ಬಜಾರಿನಲ್ಲಿ ನನ್ನದು ಬಟ್ಟೆ ಅಂಗಡಿ, ಪಕ್ಕದಲ್ಲಿ ಬುರುಲಳ ಪಿಂಗಾಣಿ ಅಂಗಡಿ. ಗಿರಾಕಿ ಬಟ್ಟಲು ಎತ್ತಿಕೊಂಡ ರೀತಿ ನೋಡಿಯೇ ಕೊಳ್ಳುತ್ತಾನೋ ಇಲ್ಲವೋ ಹೇಳಬಲ್ಲ ಹೆಂಗಸು. ಆದರೆ ವರ್ಷಗಳಿಂದ ಎಡದವಡೆಯಲ್ಲೇ ಅಗಿಯುತ್ತಿದ್ದಾಳೆ. ಬಲಗಡೆ ಬಿದ್ದುಹೋದ ನಾಲ್ಕು ಹಲ್ಲು ಕಟ್ಟಿಸಲು ದುಡ್ಡು ಒಟ್ಟಾಗುತ್ತಿಲ್ಲ, ವ್ಯಾಪಾರವೇನೂ ಕಡಿಮೆಯಿಲ್ಲ. ದುಡ್ಡು ಎಲ್ಲಿ ಕರಗುತ್ತದೆಂದು ತಿಳಿಯಲಿ ಅಂತ ಮಗಳು ಚೋಲ್ಪಾನ್ ಫೋನಿಗೆ ಖರ್ಚು ಬರೆಯುವ ಆ್ಯಪ್ ಹಾಕಿ, ಉಳಿತಾಯಕ್ಕೆ ಹಲ್ಲಿನ ಗುರಿಯನ್ನೂ ಇಟ್ಟುಕೊಟ್ಟಳು.

ತಿಂಗಳ ಕೊನೆಗೆ ಬುರುಲ್ ಆ ಫೋನನ್ನು ನನ್ನ ಮೂಗಿಗೇ ಹಿಡಿದಳು. ಖರ್ಚಿನ ಚಕ್ರದಲ್ಲಿ ಊಟ, ಬಾಡಿಗೆ, ಬಸ್ಸು ಎಲ್ಲ ಸಣ್ಣ ಸಣ್ಣ ಹೋಳು. 'ಇತರೆ' ಮಾತ್ರ ಅರ್ಧ ಚಕ್ರ ನುಂಗಿ ಕೆಂಪಗೆ ಕೂತಿತ್ತು.

"ಸಾದಿಕಣ್ಣ, ಈ ಇತರೆ ಅಂದ್ರೆ ಯಾರು?"

"ಮದುವೆಮನೆ, ತೊಟ್ಟಿಲುಮನೆ, ಸಾವಿನಮನೆ ಅಂತ ಮುಯ್ಯಿ ಹಂಚ್ಕೊಂಡು ಬಂದ್ಯಲ್ಲ, ಅದು."

"ಅದು ಹೆಂಗೆ ಖರ್ಚಾಗುತ್ತೆ? ನಮ್ಮನೇಲಿ ಕಾರ್ಯ ಆದ ದಿನ ವಾಪಸ್ ಬರಲ್ವಾ?"

"ಬರುತ್ತಪ್ಪ. ಹಾಗಾದ್ರೆ ಉಳಿತಾಯದ ಖಾನೆಗೆ ಹಾಕು."

ನಾನಂದದ್ದು ಚೇಷ್ಟೆಗೆ. ಅವಳು ನಿಜಕ್ಕೂ ಹಾಕಿದಳು. ಯಾರಿಗೆ ಎಷ್ಟು ಕೊಟ್ಟಿದ್ದಳೆಂಬುದು ಅವಳಿಗೆ ಬಾಯಿಪಾಠ. ಹಳೆಯ ಮುಯ್ಯಿಯನ್ನೆಲ್ಲ ಸೇರಿಸಿ ಒತ್ತಿದಳು. ಆ್ಯಪ್ ಪರದೆ ತುಂಬ ಪಟಾಕಿ ಹಾರಿಸಿ, 'ಅಭಿನಂದನೆ, ಹಲ್ಲಿನ ಗುರಿ ತಲುಪಿದಿರಿ' ಅಂದಿತು. ಬ್ಯಾಂಕಿನ ದುಡ್ಡೂ ಕಣ್ಣಿಗೆ ಕಾಣುವುದಿಲ್ಲವಲ್ಲ, ಇದೂ ಹಾಗೇ ಇರಬೇಕೆಂದು ಬುರುಲ್ ಅಂಗಡಿ ಮುಚ್ಚಿ ನೆಟ್ಟಗೆ ಹಲ್ಲಿನ ಡಾಕ್ಟರಲ್ಲಿಗೆ ನಡೆದಳು. ಮುಂಗಡ ಕೇಳಿದರೆ ಫೋನು ತೋರಿಸಿದಳು.

"ಈ ದುಡ್ಡು ಯಾವ ಬ್ಯಾಂಕಲ್ಲಿದೆ ತಾಯಿ?"

"ಬ್ಯಾಂಕಲ್ಲಿಲ್ಲ ಡಾಕ್ಟ್ರೇ. ಉಜ್ಗೆನ್‌ನಲ್ಲಿ ನಾದಿನಿ ಹತ್ರ ಒಂದಿಷ್ಟು, ಕಾರಾಸೂನಲ್ಲಿ ಸೋದರತ್ತೆ ಹತ್ರ ಒಂದಿಷ್ಟು..."

"ಹಾಗಾದ್ರೆ ಅವರನ್ನೇ ಕರ್ಕೊಂಡು ಬನ್ನಿ."

ಮುಯ್ಯಿ ಬಾಯಿಬಿಟ್ಟು ಕೇಳುವಂಥದ್ದಲ್ಲ, ಮನೆಯಲ್ಲಿ ಕಾರ್ಯ ಆಗಬೇಕು. ಮಗಳನ್ನು ಪುಸಲಾಯಿಸಿದಳು. "ನಿನ್ನ ಹಲ್ಲಿಗೋಸ್ಕರ ನಾನು ಮದುವೆ ಆಗಲ್ಲಮ್ಮ," ಅಂದಳು ಚೋಲ್ಪಾನ್. ಕೊನೆಗೆ ಬುರುಲ್ ತನಗೇ ಐವತ್ತೈದು ತುಂಬಿತೆಂದು ಊಟ ಹಾಕಿಸಿದಳು. ನೆಂಟರು ಬಲವಾಗಿ ಮಾಂಸ ಅಗಿದರು, ಅವಳು ಸಾರು ಕುಡಿದು ನಕ್ಕಳು. ಬಂದ ಮುಯ್ಯಿಯನ್ನು ಆದಾಯಕ್ಕೆ ಹಾಕಿದಳು. ಅದೇ ದುಡ್ಡು ಉಳಿತಾಯದಲ್ಲೂ ಮೊದಲೇ ಕೂತಿದ್ದರಿಂದ ಎರಡು ಸಲ ಲೆಕ್ಕವಾಗಿ ಆ್ಯಪ್ ಅವಳನ್ನು ಸಾಹುಕಾರ್ತಿ ಅಂದಿತು. ಕುರಿ, ಅಡುಗೆಯವರು, ಅಕ್ಕಿ ಎಲ್ಲ ಕಳೆದು ಕೈಯಲ್ಲಿ ಉಳಿದದ್ದು ಒಂದೇ ಹಲ್ಲಿಗೆ.

ಆ ಒಂದನ್ನು ಕಟ್ಟಿಸಿದಳು.

ಮೊನ್ನೆ ನನ್ನ ಮೊಮ್ಮಗನ ತೊಟ್ಟಿಲ ಕಾರ್ಯಕ್ಕೆ ಅವಳನ್ನು ಕರೆಯಲು ಹೋದೆ. ಒಣ ಜರ್ದಾಳು ಬಲಗಡೆಗೆ ದಾಟಿಸಿ ಹುಷಾರಾಗಿ ಅಗಿಯುತ್ತ ಫೋನು ತೆಗೆದಳು.

"ನಿಮ್ಮನೆಗೆ ಕೊಡೋ ಮುಯ್ಯೀನ ಯಾವ ಖಾನೆಗೆ ಹಾಕ್ಲಿ?"

"ಇತರೆ."

"ಹಾಗಾದ್ರೆ ನಾನು ಬರಲ್ಲ, ಇನ್ನೂ ಮೂರು ಹಲ್ಲು ಬಾಕಿ ಇದೆ."

"ಉಳಿತಾಯಕ್ಕೇ ಹಾಕು ಮಾರಾಯ್ತಿ."

"ಸರಿ, ಬರ್ತೀನಿ," ಅಂದಳು. ಆದರೆ ಬೆರಳು ಪರದೆಯ ಮೇಲೆ ಎರಡೂ ಖಾನೆಗಳ ನಡುವೆ ಹಾಗೇ ನಿಂತಿತ್ತು.