ಗುರುಸಿದ್ದಮ್ಮನ ಹೊಸ ಶಾಸ್ತ್ರ

ನಂಜನಗೂಡಿನ ನಮ್ಮ ಬೀದಿಯಲ್ಲಿ ಯಾರ ಮನೆಯಲ್ಲಿ ಶುಭಕಾರ್ಯವಾದರೂ ಅಯ್ಯನವರಿಗಿಂತ ಮೊದಲು ನನ್ನ ಅಜ್ಜಿ ಗುರುಸಿದ್ದಮ್ಮನಿಗೆ ಹೇಳಿಕಳಿಸಬೇಕಿತ್ತು. ಹೇಳದಿದ್ದರೂ ಬರುತ್ತಿದ್ದಳು, ಆ ಮಾತು ಬೇರೆ. ನನ್ನ ಅಪ್ಪನ ತಾಯಿ ಅವಳು. ವಿಧವೆ ಮುಂದೆ ಕೂರುವಂತಿಲ್ಲ ಎಂದು ಕಂಬದ ಹಿಂದೆ ಕೂತು ಇಡೀ ಕಾರ್ಯ ನಡೆಸುತ್ತಿದ್ದಳು. ಒಮ್ಮೆ ಮದುವೆಯೊಂದರಲ್ಲಿ ಕಳಶಕ್ಕೆ ಒಂದು ವೀಳ್ಯದೆಲೆ ಕಮ್ಮಿಯಾಯಿತೆಂದು ಎಲ್ಲವನ್ನೂ ನಿಲ್ಲಿಸಿದಳು. ಎಲೆ ಬರುವಷ್ಟರಲ್ಲಿ ಮದುಮಗ ಕೂತಲ್ಲೇ ತೂಕಡಿಸುತ್ತಿದ್ದನಂತೆ.

ಮಕ್ಕಳಾದ ನಮಗಂತೂ ಅವಳದು ದೊಡ್ಡ ಕಾಟ. ಬಂದ ಹಿರಿಯರಿಗೆಲ್ಲ ಅಡ್ಡಬೀಳಬೇಕು, ಕರೆದರೆ ತೊಡೆಯೇರಬೇಕು, ಕೆನ್ನೆ ಹಿಂಡಿದರೆ ನಗಬೇಕು. ಕೆನ್ನೆ ನಮ್ಮದು, ಮರ್ಯಾದೆ ಅವಳದು.

ನನಗೆ ಕಿವಿ ಚುಚ್ಚಿಸುವುದು ತಡವಾಗಿತ್ತು. ಮೊದಲು ಅವ್ವನಿಗೆ ಕಾಯಿಲೆ, ಆಮೇಲೆ ಊರಿಗೆ ಪ್ಲೇಗು. ಅಂತೂ ಏಳು ವರ್ಷಕ್ಕೆ ಮುಹೂರ್ತ ಬಂತು. ಸೋದರಮಾವನ ತೊಡೆ ಮೇಲೆ ಕೂರಿಸಿಯೇ ಚುಚ್ಚಬೇಕೆಂಬುದು ಶಾಸ್ತ್ರ. ಅವ್ವನ ಅಣ್ಣ ಚಿಕ್ಕಬಸಪ್ಪ ನರಸೀಪುರದಿಂದ ಗಾಡಿ ಕಟ್ಟಿಸಿಕೊಂಡು ಬಂದಿದ್ದ. ಬಂದಾಗಲೆಲ್ಲ ಕಲ್ಲುಸಕ್ಕರೆ ಹಂಚುವವನು, ಬೀದಿಗೆಲ್ಲ ಒಳ್ಳೆಯವನು. ಬರೆಯುವಾಗ ಅವನಿಗೆ ‘ಅವರು’ ಅನ್ನಲು ನನಗೆ ಮನಸ್ಸು ಬಾರದು. ಅವನ ಹೆಂಡತಿ ಬಾಣಂತಿ. ತೊಟ್ಟಿಲು ತೂಗಲು ನನ್ನನ್ನು ಅದೇ ಗಾಡಿಯಲ್ಲಿ ಕರೆದೊಯ್ಯುವುದು ಎಂದು ಮಾತಾಗಿತ್ತು.

ಮಾವ ಮಣೆ ಮೇಲೆ ಕೂತು ತೊಡೆ ತಟ್ಟಿ ಕರೆದ. ನಾನು ಕಂಬ ತಬ್ಬಿಕೊಂಡೆ.

"ಸೂಜಿಗೆ ಎದರ್ಕತ್ತಾಳೆ ಕಣಪ್ಪ," ಎಂದು ನೆಂಟರು ನಕ್ಕರು. ನೋಯುವುದಿಲ್ಲ ಎಂದು ಅಕ್ಕಸಾಲಿ ಆಚಾರರು ಚಿನ್ನದ ತಂತಿ ತೋರಿಸಿದರು. ನಾನು ಸೀದಾ ಅವರೆದುರು ಹೋಗಿ ಕಿವಿಯೊಡ್ಡಿದೆ.

"ನಿಂತ್ಕಂಡೇ ಇರ್ತೀನಿ, ಚುಚ್ಚಿ."

ಎಲ್ಲರೂ ಇನ್ನೂ ಜೋರಾಗಿ ನಕ್ಕರು. ಅಜ್ಜಿ ಮಾತ್ರ ನಗಲಿಲ್ಲ. ನನ್ನ ರಟ್ಟೆ ಹಿಡಿದು ಅಡುಗೆಮನೆಗೆ ಕರೆದೊಯ್ದು ಕದ ಹಾಕಿದಳು. ಶಾಸ್ತ್ರ ಕೆಡಿಸಿದ್ದಕ್ಕೆ ಇವತ್ತು ನನ್ನ ಗತಿ ಮುಗಿಯಿತು ಅಂದುಕೊಂಡೆ.

"ಸೂಜಿ ಬೇಕು, ಮಾವನ ತೊಡೆ ಬ್ಯಾಡ. ಯಾಕೆ ಕೂಸು?"

ನಾನು ಲಂಗದ ಅಂಚು ತಿರುಚುತ್ತ ನಿಂತೆ. ಅಜ್ಜಿ ಬಾಯಿ ಮುಚ್ಚಿಕೊಂಡು ಎದುರಿಗೆ ನೆಲದ ಮೇಲೆ ಕೂತಳು. ಅವಳ ಆಯುಷ್ಯದಲ್ಲೇ ಅದು ಮೊದಲಿರಬೇಕು.

"ಮಾವ ಮುಟ್ಟಬಾರ್ದ ಕಡೆ ಮುಟ್ತಾರೆ," ಎಂದೆ ಕೊನೆಗೆ. "ಯಾರ್ಗೂ ಏಳ್ಬ್ಯಾಡ ಅಂದವ್ರೆ. ಅವ್ವಂಗೆ ಏಳ್ದೆ, ದೊಡ್ಡೋರ್ನ ಅಂಗನ್ಬಾರ್ದು ಅಂತ ಒಡುದ್ಲು. ದೀಪಾವಳೀಲಿ ನೀನೂ ನನ್ನ ಎತ್ತಿ ಅವ್ರ ತೊಡೆ ಮ್ಯಾಲೆ ಕೂರ್ಸ್ದೆ."

ಅಜ್ಜಿ ಸೆರಗಿನಿಂದ ಮುಖ ಒರೆಸಿಕೊಂಡಳು.

"ನಿಂದೇನೂ ತಪ್ಪಿಲ್ಲ ಕೂಸು. ನಂದು ಐತೆ."

ಹೊರಗೆ ಬಂದವಳು ಮಾವನೆದುರು ನಿಂತಳು. "ಏಳು ಮಣೆಯಿಂದ," ಎಂದಳು. ಅವನು ನಗುತ್ತಲೇ ಎದ್ದ. ಇಪ್ಪತ್ತು ವರ್ಷ ಕಂಬದ ಹಿಂದೆ ಕೂತಿದ್ದವಳು ಆ ಮಣೆ ಮೇಲೆ ಕೂತು ನನ್ನನ್ನು ತೊಡೆಗೆಳೆದುಕೊಂಡಳು. ಯಾರೋ ಶಾಸ್ತ್ರ ಎಂದು ಗೊಣಗಿದರು.

"ಶಾಸ್ತ್ರನ ನಂಗೆ ಏಳ್ಕೊಡ್ಬ್ಯಾಡಿ. ನೀವು ಚುಚ್ಚಿ ಆಚಾರ್ರೇ."

ಅವಳು ನನ್ನ ತಲೆಯನ್ನು ಎಷ್ಟು ಬಿಗಿಯಾಗಿ ಎದೆಗೊತ್ತಿಕೊಂಡಳೆಂದರೆ ಆಚಾರರಿಗೆ ಕಿವಿ ನೆಟ್ಟಗೆ ಸಿಗಲಿಲ್ಲ. ಎಡಗಿವಿಯ ತೂತು ಒಂದಿಷ್ಟು ಕೆಳಗೆ ಬಿತ್ತು.

ನೆಂಟರು ಎಲೆ ಮುಂದೆ ಕೂತಾಗ ಅಜ್ಜಿ ನನ್ನ ಕೈ ಹಿಡಿದುಕೊಂಡೇ ಅಪ್ಪ, ಅವ್ವ, ಮಾವ ಮೂವರನ್ನೂ ಒಳಕೋಣೆಗೆ ಕರೆದು ಇದ್ದದ್ದನ್ನು ಇದ್ದ ಹಾಗೇ ಹೇಳಿದಳು. ಮಗು ಸುಳ್ಳು ಹೇಳುತ್ತಿದೆ ಎಂದ ಮಾವ.

"ಸುಳ್ಳೇಳೋ ಕೂಸು ಸೂಜಿಗೆ ಕಿವಿ ಕೊಡ್ತದಾ? ಈ ಒಸ್ಲು ತುಳಿದ್ರೆ ನೋಡು," ಎಂದಳು ಅಜ್ಜಿ. ಅವ್ವ ನನ್ನನ್ನು ಅಪ್ಪಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಗಾಡಿಯಲ್ಲಿ ಮಾವ ಒಬ್ಬನೇ ಹೋದ.

ಅಮಲ್ದಾರರಿಗೆ ಹೇಳೋಣ ಎಂದು ಅಜ್ಜಿ ಹಟ ಹಿಡಿದಳು. ಮನೆ ಮರ್ಯಾದೆ ಎಂದು ಅಪ್ಪ ಒಪ್ಪಲಿಲ್ಲ. ಅಪ್ಪನ ಮೇಲೆ ನನಗಿರುವ ಸಿಟ್ಟು ಇನ್ನೂ ಇಳಿದಿಲ್ಲ. ಅಜ್ಜಿ ಮೂರು ದಿನ ಅವನೊಡನೆ ಮಾತು ಬಿಟ್ಟು, ನಾಲ್ಕನೆಯ ದಿನ ತಾನೇ ಗಾಡಿ ಹೂಡಿಸಿಕೊಂಡು ನರಸೀಪುರಕ್ಕೆ ಹೋಗಿ ಆ ಬಾಣಂತಿಯ ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿ ಬಂದಳು. ತೊಟ್ಟಿಲಲ್ಲಿದ್ದದ್ದೂ ಹೆಣ್ಣುಕೂಸು.

ಅಲ್ಲಿಂದಾಚೆಗೆ ಅಜ್ಜಿ ಶಾಸ್ತ್ರಕ್ಕೆ ಒಂದು ಸೇರಿಸಿದಳು. ಯಾರ ಮನೆಯಲ್ಲಿ ಕಿವಿ ಚುಚ್ಚಿಸಿದರೂ ಮೊದಲು ಮಗುವನ್ನೇ ಕೇಳುವಳು: "ಯಾರ ತೊಡೆ ಬೇಕು ಕೂಸು?" ಒಂದು ಪೋರಿ ಎಮ್ಮೆಕರುವಿನದು ಬೇಕು ಅಂದಳು, ಕೊಟ್ಟಿಗೆಯಲ್ಲೇ ಕಾರ್ಯವಾಯಿತು. ಗುರುಸಿದ್ದಮ್ಮನಿಗೆ ಅರಳುಮರಳು ಎಂದು ಬೀದಿ ನಕ್ಕಿತು. ನಗಲಿ ಬಿಡು ಎಂದಳು ಅಜ್ಜಿ.

ಎಡಗಡೆಯ ಓಲೆ ಜೋತುಬೀಳುತ್ತದೆ, ಬೇರೆ ತೂತು ಹಾಕಿಸಿಕೊ ಎಂದು ನನ್ನ ಮಗಳು ಪೀಡಿಸುತ್ತಾಳೆ. ನಾನು ಹಾಕಿಸಿಕೊಳ್ಳುವುದಿಲ್ಲ.